ಸಿಇಟಿ ಗಣಿತಕ್ಕೆ 80 ನಿಮಿಷ ಸಾಲದಿದ್ದರೆ: ಅನುಭವ ಹಂಚಿಕೆ

ಕೋರಿಕೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸನ): ಅಣಕು ಪರೀಕ್ಷೆಗಳಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಸಮಯಕ್ಕೆ ಮುಗಿಯುತ್ತವೆ, ಗಣಿತದಲ್ಲಿ ಮಾತ್ರ ಪ್ರತಿ ಬಾರಿಯೂ ಹತ್ತು ಹನ್ನೆರಡು ಪ್ರಶ್ನೆಗಳು ಉಳಿದುಬಿಡುತ್ತವೆ. ಸಿಇಟಿ ಬರೆದವರು ಸಮಯವನ್ನು ಹೇಗೆ ಹೊಂದಿಸಿಕೊಂಡಿರಿ ಎಂದು ದಯವಿಟ್ಟು ತಿಳಿಸಿ.

ಎಂಜಿನಿಯರಿಂಗ್ ವಿದ್ಯಾರ್ಥಿ: ತಂಗಿ, 60 ಪ್ರಶ್ನೆಗಳಿಗೆ 80 ನಿಮಿಷ ಎಂದರೆ ಒಂದೊಂದಕ್ಕೆ 80 ಸೆಕೆಂಡ್ ದೊರೆಯುತ್ತದೆ. ಆದರೆ ಸದಿಶ, ಮಾತೃಕೆ, ಸಂಬಂಧ ಮತ್ತು ಫಲನಗಳಂತಹ ಅಧ್ಯಾಯಗಳ ಅನೇಕ ಪ್ರಶ್ನೆಗಳು ಅದರ ಅರ್ಧದಲ್ಲೇ ಮುಗಿಯುತ್ತವೆ. ಆದ್ದರಿಂದ ನಾನು ಪತ್ರಿಕೆಯನ್ನು ಎರಡು ಸುತ್ತಿನಲ್ಲಿ ಬಿಡಿಸುತ್ತಿದ್ದೆ: ಓದಿದೊಡನೆ ದಾರಿ ಹೊಳೆಯುವ ಪ್ರಶ್ನೆಗಳು ಮೊದಲು, ಉಳಿದವು ಆಮೇಲೆ. ಎರಡನೆಯ ಸುತ್ತಿನಲ್ಲಿ ಆಯ್ಕೆಗಳನ್ನೇ ಬಳಸಿಕೊಳ್ಳಬೇಕು. ಅನಿಶ್ಚಿತ ಅನುಕಲನದಲ್ಲಿ ಹಾದಿ ತೋಚದಿದ್ದರೆ ಆಯ್ಕೆಗಳನ್ನು ಅವಕಲಿಸಿ ನೋಡುವುದು ಬಹಳ ಸಲ ಬೇಗ ಮುಗಿಯುತ್ತದೆ. ತ್ರಿಕೋನಮಿತಿಯ ಸರಳೀಕರಣದಲ್ಲಿ ಕೋನಕ್ಕೆ 30 ಡಿಗ್ರಿ ಆದೇಶಿಸಿ ನೋಡಿ. 45 ಬೇಡ, ಅಲ್ಲಿ ಸೈನ್ ಮತ್ತು ಕೊಸೈನ್ ಸಮವಾಗುವುದರಿಂದ ಎರಡು ಆಯ್ಕೆಗಳು ಒಂದೇ ಬೆಲೆ ಕೊಟ್ಟು ದಾರಿ ತಪ್ಪಿಸಬಹುದು. ನಿಶ್ಚಿತ ಅನುಕಲನದಲ್ಲಿ ಅಂಶದ ಫಲನ ಮತ್ತು ಎರಡೂ ಮಿತಿಗಳ ಮೊತ್ತದಿಂದ ಎಕ್ಸ್ ಕಳೆದು ಬರೆದ ಅದರ ರೂಪ, ಇವೆರಡರ ಮೊತ್ತವೇ ಛೇದವಾಗಿದ್ದರೆ ಉತ್ತರ ಮಿತಿಗಳ ವ್ಯತ್ಯಾಸದ ಅರ್ಧ. ಲೆಕ್ಕ ಮಾಡುವ ಅಗತ್ಯವೇ ಇಲ್ಲ.

ಪಿಯು ಗಣಿತ ಉಪನ್ಯಾಸಕ: ಮೇಲಿನ ಉಪಾಯಗಳು ಸರಿಯಾದವು, ಆದರೆ ಅವುಗಳನ್ನೇ ನೆಚ್ಚಿಕೊಂಡವರು ಅಧ್ಯಾಯವನ್ನು ಅರೆಬರೆ ಓದಿ ಬಿಡುವುದನ್ನೂ ಕಂಡಿದ್ದೇನೆ. ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳಿಗೂ ಸಿಇಟಿಗೂ ಅರ್ಧರ್ಧ ತೂಕವಿರುವುದರಿಂದ, ಹಂತಹಂತವಾಗಿ ಬರೆದು ಬಿಡಿಸುವ ಅಭ್ಯಾಸವನ್ನು ಕೈಬಿಡುವುದು ನಷ್ಟವೇ ಸರಿ. ನನ್ನ ಅನುಭವದಲ್ಲಿ ಸಮಯ ಸಾಲದಿರುವುದಕ್ಕೆ ಮುಖ್ಯ ಕಾರಣ ಕಠಿಣ ಪ್ರಶ್ನೆಯಲ್ಲ, ಬಿಡಲು ಮನಸ್ಸು ಬಾರದ ಪ್ರಶ್ನೆ. ಎರಡು ನಿಮಿಷ ಕಳೆದರೂ ದಾರಿ ಕಾಣದಿದ್ದರೆ ಗುರುತು ಹಾಕಿ ಮುಂದೆ ಹೋಗಿ. ಪರೀಕ್ಷಾ ಕೊಠಡಿಗೆ ಕೈಗಡಿಯಾರವನ್ನು ಒಯ್ಯುವಂತಿಲ್ಲವಾದ್ದರಿಂದ, ಇಪ್ಪತ್ತು ಪ್ರಶ್ನೆಗಳಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಗಡಿಯಾರ ನೋಡದೆಯೇ ಅಂದಾಜಿಸಲು ಮನೆಯಲ್ಲೇ ರೂಢಿಸಿಕೊಳ್ಳಿ.

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ನೀಟ್‌ಗೆ ಓದುತ್ತಿರುವವರು ಅಲ್ಲಿನ ಭಯವನ್ನು ಇಲ್ಲಿಗೂ ತಂದು ವೃತ್ತಗಳನ್ನು ಖಾಲಿ ಬಿಡುತ್ತಾರೆ. ಉಳಿದ ಪ್ರಶ್ನೆಗಳಿಗಾಗಿ ಕೊನೆಯ ಐದು ನಿಮಿಷಗಳನ್ನು ತೆಗೆದಿಡಿ.

ಪೋಷಕರು: ಓಎಂಆರ್ ಬಗ್ಗೆ ಒಂದು ಮಾತು. ನನ್ನ ಮಗ ಎಲ್ಲ ವೃತ್ತಗಳನ್ನೂ ಕೊನೆಯಲ್ಲಿ ತುಂಬುವ ರೂಢಿಯವನಾಗಿದ್ದ. ಅಣಕು ಪರೀಕ್ಷೆಯೊಂದರಲ್ಲಿ ಒಂದು ಸಾಲು ತಪ್ಪಿ ಮುಂದಿನ ಉತ್ತರಗಳೆಲ್ಲ ಸ್ಥಳ ಬದಲಿಸಿದ್ದವು. ಆನಂತರ ಪುಟ ಮುಗಿದಂತೆಲ್ಲ ಆ ಪುಟದ ಉತ್ತರಗಳನ್ನು ತುಂಬಿಕೊಂಡು ಹೋಗುವುದನ್ನು ರೂಢಿಸಿಕೊಂಡ. ಒಮ್ಮೆ ಬಾಲ್‌ಪಾಯಿಂಟ್ ಪೆನ್ನಿನಿಂದ ತುಂಬಿದ ವೃತ್ತವನ್ನು ಬದಲಾಯಿಸಲಾಗದು ಎಂಬುದೂ ನೆನಪಿರಲಿ. ನಿಮಗೆ ಮರಳಿ ಕೊಡುವ ಓಎಂಆರ್ ಪ್ರತಿಯನ್ನು ಜೋಪಾನವಾಗಿಡಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ತಾತ್ಕಾಲಿಕ ಕೀ ಉತ್ತರಗಳನ್ನು ಪ್ರಕಟಿಸಿದಾಗ ಅದನ್ನು ಮುಂದಿಟ್ಟುಕೊಂಡು ನೋಡಿ, ತಪ್ಪು ಕಂಡರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಬಹುದು.