ದಿನಾ ಕುಡಿಯುವ ಅಣ್ಣ ಒಂದೇ ಸಲ ಬಿಡುತ್ತೇನೆ ಅಂತಿದ್ದಾನೆ, ಅನುಭವ ಇದ್ದವರು ಹೇಳಿ

ಅಣ್ಣ ವರ್ಷಗಳಿಂದ ದಿನಾ ಕುಡಿಯುತ್ತಾನೆ. ಮೊನ್ನೆ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂತು. ಹೆದರಿಬಿಟ್ಟಿದ್ದಾನೆ, ನಾಳೆಯಿಂದ ಒಂದು ತೊಟ್ಟೂ ಮುಟ್ಟಲ್ಲ ಅನ್ನುತ್ತಾನೆ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆ, ಕುಡಿದರೆ ಸರಿಹೋಗುತ್ತದೆ. ಮನೆಯಲ್ಲೇ ಬಿಡಿಸಬಹುದಾ?

ಉತ್ತರ 1
ಬೇಡ, ದಯವಿಟ್ಟು ಬೇಡ. ಕೈ ನಡುಗುತ್ತದೆ ಅಂದಿರಲ್ಲ, ಅವರ ಮೈ ಹೆಂಡಕ್ಕೆ ಒಗ್ಗಿಹೋಗಿದೆ ಅಂತ ಅರ್ಥ. ನಮ್ಮ ಅಪ್ಪ ಹೀಗೇ ಹಠ ಹಿಡಿದು ನಿಲ್ಲಿಸಿದರು. ಮೊದಲ ದಿನ ಬೆವರು, ವಾಂತಿ, ನಿದ್ದೆ ಇಲ್ಲ. ಮರುದಿನ ಫಿಟ್ಸ್ ಬಂತು. ಆಮೇಲೆ ಗೋಡೆ ಮೇಲೆ ಹುಳ ಹರಿಯುತ್ತಿವೆ ಅಂತ ಕೂಗಾಡಿದರು. ಜೀವಕ್ಕೇ ಅಪಾಯ ಅದು. ಫಿಟ್ಸ್ ಸಾಮಾನ್ಯವಾಗಿ ನಿಲ್ಲಿಸಿದ 48 ಗಂಟೆಯೊಳಗೆ ಬರುತ್ತದೆ, ಭ್ರಮೆ, ಗಾಬರಿ ಹೆಚ್ಚಾಗಿ ಎರಡು ಮೂರು ದಿನ ಕಳೆದ ಮೇಲೆ. ಆಸ್ಪತ್ರೆಯಲ್ಲಿ ನಡುಕ ಇಳಿಸುವ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಅದನ್ನು ಕಡಿಮೆ ಮಾಡುತ್ತಾ ಬಂದರು. ಮಿದುಳಿಗೆ ಪೆಟ್ಟಾಗದಿರಲಿ ಅಂತ ವಿಟಮಿನ್ ಬಿ1 ಇಂಜೆಕ್ಷನ್ನೂ ಕೊಟ್ಟರು. ನಿಮ್ಮ ಅಣ್ಣ ಬಿಡಲೇಬೇಕು, ಆದರೆ ಡಾಕ್ಟರಿಗೆ ತೋರಿಸಿದ ಮೇಲೆ. ಅಲ್ಲಿಯವರೆಗೆ ಒಮ್ಮೆಲೇ ನಿಲ್ಲಿಸುವುದು ಬೇಡ.

ಉತ್ತರ 2
ಲಿವರ್ ಬಗ್ಗೆ ಅಷ್ಟು ಕಂಗೆಡಬೇಡಿ. ಈ ಹಂತದಲ್ಲಿ ಪೂರ್ತಿ ಬಿಟ್ಟರೆ ಕೊಬ್ಬು ಕರಗುತ್ತದೆ. ನನ್ನದೂ ಹಾಗೇ ಸರಿಹೋಯಿತು. ಸಿರೋಸಿಸ್, ಅಂದ್ರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು, ಆದಮೇಲೆ ಮಾತ್ರ ಕಷ್ಟ, ಆ ಕಲೆ ಪೂರ್ತಿ ಮಾಯವಾಗುವುದಿಲ್ಲ. ಕೆಟ್ಟ ವಿಷಯ ಅಂದ್ರೆ ಲಿವರ್ ತುಂಬಾ ದಿನ ನೋವೇ ತೋರಿಸುವುದಿಲ್ಲ, ಅದಕ್ಕೇ ಈಗಲೇ ಗೊತ್ತಾಗಿದ್ದು ಒಳ್ಳೆಯದೇ. ತಲೆನೋವಿಗೆ ಅಂತ ಸುಮ್ನೆ ಪ್ಯಾರಾಸಿಟಮಾಲ್ ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಜಾಸ್ತಿ ಕುಡಿಯುವವರ ಲಿವರಿಗೆ ಅದೂ ಹೊರೆ.

ಉತ್ತರ 3
“ಬಿಯರ್ ಮಾತ್ರ ಕುಡೀತೀನಿ” ಅಂತ ಶುರು ಮಾಡಬಹುದು, ಒಪ್ಪಬೇಡಿ. ಸುಮಾರು 5 ಪರ್ಸೆಂಟಿನ 330 ಎಂಎಲ್ ಬಿಯರಿನಲ್ಲಿ 30 ಎಂಎಲ್ ವಿಸ್ಕಿಗಿಂತ ಆಲ್ಕೋಹಾಲ್ ಜಾಸ್ತಿಯೇ ಇರುತ್ತದೆ. ಇಷ್ಟು ಕುಡಿದರೆ ಏನೂ ಆಗಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ.

ಉತ್ತರ 4
ಅತ್ತಿಗೆಗೂ ಒಂದು ಮಾತು ಹೇಳಿಡಿ. ಕುಡಿದು ಪ್ರಜ್ಞೆ ತಪ್ಪಿದವರನ್ನು ಅಂಗಾತ ಮಲಗಿಸಬಾರದು, ವಾಂತಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪಕ್ಕಕ್ಕೆ ಹೊರಳಿಸಿ, ಆಂಬುಲೆನ್ಸ್ ಕರೆಸಿ. ಕಾಫಿ, ತಣ್ಣೀರು ಸ್ನಾನ ಯಾವುದೂ ಅಮಲು ಇಳಿಸುವುದಿಲ್ಲ. ಇನ್ನು ಡಾಕ್ಟರ್ ಮುಂದೆ ನಾಚಿಕೆಯಿಂದ ಲೆಕ್ಕ ಕಡಿಮೆ ಹೇಳುವುದು ಬೇಡ. ದಿನಾ ಎಷ್ಟು, ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತಾ, ಇವನ್ನು ಬರೆದುಕೊಂಡು ಹೋಗಿ. ಮಾತ್ರೆಯ ಪ್ರಮಾಣ ನಿರ್ಧಾರ ಮಾಡುವುದು ಅದನ್ನು ನೋಡಿಯೇ.