ಸಹಾಯ ಬೇಕು: ಮಕ್ಕಳ ನಿದ್ದೆ ಕುರಿತ ಕರಪತ್ರಕ್ಕೆ ಬಸ್ ಸಮಯ, ಅನುವಾದ

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಪೋಷಕರಿಗೆ, ಟೀಚರ್‌ಗಳಿಗೆ ನಮಸ್ಕಾರ. ಶಾಲೆಯ ಪೋಷಕರ ಸಭೆಯಲ್ಲಿ ಹಂಚಲು ಮಕ್ಕಳ ನಿದ್ದೆ ಬಗ್ಗೆ ಒಂದು ಪುಟದ ಕರಪತ್ರ ತಯಾರಾಗುತ್ತಿದೆ.

6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, 13 ದಾಟಿದವರಿಗೆ 8ರಿಂದ 10. ಲೆಕ್ಕವನ್ನು ಬೆಳಗಿನಿಂದ ಹಿಂದಕ್ಕೆ ಹಾಕಬೇಕು. ಏಳುವುದು 6ಕ್ಕಾದರೆ ಮೂರನೇ ಕ್ಲಾಸಿನ ಮಗು ರಾತ್ರಿ 8.30ಕ್ಕೆ ಹಾಸಿಗೆಯಲ್ಲಿರಬೇಕು; ನಿದ್ದೆ ಹತ್ತಲು 20 ನಿಮಿಷ ಹೋಗುತ್ತದೆ. ಒಮ್ಮೆಲೇ ಒಂದು ಗಂಟೆ ಮುಂಚೆ ಮಲಗಿಸಿದರೆ ಸುಮ್ಮನೆ ಹೊರಳಾಡುತ್ತಾರೆ. ಎರಡು ಮೂರು ದಿನಕ್ಕೊಮ್ಮೆ 15 ನಿಮಿಷದಂತೆ ಮುಂಚೆ ಮಾಡುತ್ತಾ ಹೋಗಿ. ಭಾನುವಾರವೂ ಏಳುವ ಹೊತ್ತು ಹೆಚ್ಚು ಬದಲಾಗದಿರಲಿ, ಇಲ್ಲದಿದ್ದರೆ ಸೋಮವಾರ ಮತ್ತೆ ಮೊದಲಿನ ಕತೆಯೇ.

ಕಾಫಿ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಸಂಜೆ ಮಕ್ಕಳ ಕೈಗೆ ಬೆಲ್ಲದ ಕಾಫಿ ಬೇಡ. ಕುಡಿದ ಕೆಫೀನ್‌ನಲ್ಲಿ (ಕಾಫಿಯಲ್ಲಿರುವ ನಿದ್ದೆಗೆಡಿಸುವ ಅಂಶ) ಅರ್ಧ ಮೈಯಿಂದ ಇಳಿಯಲು ಸುಮಾರು 5 ಗಂಟೆ ಬೇಕು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಬೆಳಕಿಗೆಂದು ಕೊಟ್ಟ ಮೊಬೈಲ್ ಹಾಸಿಗೆಯಲ್ಲೇ ಉಳಿದುಬಿಡುತ್ತದೆ. ಸಣ್ಣ ಟಾರ್ಚ್ ಇಡಿ. ಮೋಡ ಕವಿದ ಬೆಳಗ್ಗೆ ಎಬ್ಬಿಸಿದ ಕೂಡಲೇ ಲೈಟ್ ಹಾಕಿ. ಹೆಚ್ಚಿನ ರಾತ್ರಿ ಗೊರಕೆ ಹೊಡೆಯುವ ಮಗುವನ್ನು ವೈದ್ಯರಿಗೆ ತೋರಿಸಬೇಕು.

ಮಕ್ಕಳು ಏಳುವ ಹೊತ್ತಿನ ಲೆಕ್ಕ ಹಾಕಲು ಈಗ ಬೇಕಿರುವುದು: ನಿಮ್ಮ ರೂಟಿನ ಮೊದಲ ಸ್ಟಾಪಿಗೆ ಬೆಳಗ್ಗೆ ಶಾಲೆಗೆ ಹೋಗುವ ಬಸ್ ಬರುವ ಸಮಯ, ಮನೆಯಿಂದ ಅಲ್ಲಿಗೆ ನಡೆಯುವ ನಿಮಿಷ. ಕೊಡವ ತಕ್ಕ್, ಅರೆಭಾಷೆಗೆ ಅನುವಾದಿಸುವವರು ಇದ್ದರೆ ದಯವಿಟ್ಟು ತಿಳಿಸಿ. ಸಭೆಯಲ್ಲಿ 20 ನಿಮಿಷ ಮಾತಾಡಲು ಒಪ್ಪುವ ಮಕ್ಕಳ ವೈದ್ಯರಿದ್ದರೆ ಅವರನ್ನು ಕೇಳಿ ನೋಡಿ.