ಮಳೆಗಾಲಕ್ಕೆ ಬೋಟ್ ಮೇಲೆತ್ತುವಾಗ ಕುಡಿಯುವ ನೀರಿನ ಟ್ಯಾಂಕ್ ಏನು ಮಾಡಬೇಕು?

ಪ್ರಶ್ನೆ (ಸಾಗರ): ನಮಸ್ಕಾರ ಅಣ್ಣಾ. ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ನಮ್ಮ ಹೋಂಸ್ಟೇ. ಕ್ಯಾಬಿನ್ ಇರುವ ಚಿಕ್ಕ ಬೋಟ್ ಇದೆ. 100 ಲೀಟರ್ ಪ್ಲಾಸ್ಟಿಕ್ ಟ್ಯಾಂಕ್, 12 ವೋಲ್ಟ್ ಪಂಪು, ಸಿಂಕು, ಪುಟ್ಟ ಗೀಸರ್. ಮೃಗಶಿರ ಹಿಡಿಯುವ ಮೊದಲು ಶೆಡ್ಡಿಗೆ ಹಾಕಿದರೆ ಮತ್ತೆ ಇಳಿಸುವುದು ದಸರಾ ಹೊತ್ತಿಗೆ. ಹೋದ ವರ್ಷ ಟ್ಯಾಂಕಲ್ಲಿ ನೀರು ಹಾಗೇ ಬಿಟ್ಟಿದ್ದೆ, ಮೂಗು ಮುಚ್ಚುವಷ್ಟು ವಾಸನೆ ಬಂದಿತ್ತು. ವಿಡಿಯೋಗಳಲ್ಲಿ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬುತ್ತಾರೆ. ನಾನೂ ತರಿಸಲಾ?

ಉತ್ತರ (ಹಡಗಿನ ಪ್ಲಂಬಿಂಗ್ ಮಾಡಿದವನು, ಈಗ ತೀರ್ಥಹಳ್ಳಿ): ಬೇಡ ತಮ್ಮಾ. ಅದು ನೀರು ಹೆಪ್ಪುಗಟ್ಟುವ ಊರಿಗೆ. ನಮ್ಮ ಶತ್ರು ಬೇರೆ: ನಿಂತ ನೀರು, ತೇವ, ಹುಳ.

ಮೊದಲು ಗೀಸರಿನ ಕರೆಂಟ್ ತೆಗೆಯಿರಿ. ನೀರಿಲ್ಲದ ಗೀಸರ್ ಅಪ್ಪಿತಪ್ಪಿ ಆನ್ ಆದರೆ ಕಾಯಿಲ್ ಸುಟ್ಟೇ ಹೋಗುತ್ತದೆ. ಆಮೇಲೆ ಎಲ್ಲ ನಲ್ಲಿ ತೆರೆದಿಟ್ಟು, ಬಿಸಿನೀರಿನದನ್ನೂ ಸೇರಿಸಿ, ಪಂಪಿನಲ್ಲಿ ಟ್ಯಾಂಕ್ ಖಾಲಿ ಮಾಡಿ. ಗಾಳಿ ಎಳೆಯುವ ಸದ್ದು ಬಂದ ತಕ್ಷಣ ಪಂಪು ನಿಲ್ಲಿಸಿ. ಗೀಸರಿಗೆ ಅದರದೇ ಡ್ರೈನ್ ಇರುತ್ತದೆ, ಅದನ್ನು ಬಿಡದಿದ್ದರೆ ಒಳಗಿನ ನೀರು ಅಲ್ಲೇ ಕೂರುತ್ತದೆ. ಪೈಪು ಜೋತುಬಿದ್ದ ಕಡೆಯೂ ಅಷ್ಟೇ. ತಗ್ಗಿನ ಜಾಯಿಂಟ್ ಬಿಚ್ಚಿ ಸುರಿಸಿ. ಪಂಪಿನ ಮುಂದಿನ ಜಾಲರಿ ತೊಳೆದು ಒಣಗಿಸಿ. ಟ್ಯಾಂಕಿನ ತಳ ಬಟ್ಟೆಯಲ್ಲಿ ಒರೆಸಿ. ಆಷಾಢದ ಹವೆಯಲ್ಲಿ ತಾನಾಗಿ ಒಣಗೀತು ಅಂತ ಕಾಯಬೇಡಿ.

ಮುಖ್ಯವಾದ್ದು ಟ್ಯಾಂಕಿನ ಗಾಳಿ ಪೈಪು, ನೀರು ಖಾಲಿಯಾಗುವಾಗ ಒಳಗೆ ಗಾಳಿ ಬಿಡುವಂಥದ್ದು. ಅದರ ಬಾಯಿಗೆ ಸೊಳ್ಳೆಪರದೆಯ ತುಂಡು ಬಿಗಿಯಾಗಿ ಕಟ್ಟಿ. ತಳದಲ್ಲಿ ಉಳಿದ ಒಂದು ಲೋಟ ನೀರು ಸಾಕು ಸೊಳ್ಳೆ ಮೊಟ್ಟೆಯಿಡಲಿಕ್ಕೆ. ಕುಂಬಾರ ಹುಳ ಮಣ್ಣು ಮೆತ್ತಿ ಪೈಪು ಮುಚ್ಚುವುದೂ ಉಂಟು. ಆಗ ಪಂಪು ಎಳೆದರೆ ತೆಳು ಟ್ಯಾಂಕ್ ಒಳಕ್ಕೆ ಸೊಟ್ಟಗಾಗುತ್ತದೆ.

ದಸರಾಕ್ಕೆ ಇಳಿಸುವಾಗ ಟ್ಯಾಂಕ್ ತುಂಬಿ, 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ (ಲಿಕ್ವಿಡ್ ಬ್ಲೀಚ್) 100 ಮಿಲಿ ಹಾಕಿ. ಸುವಾಸನೆ ಸೇರಿಸಿದ್ದು ಬೇಡ. ಬ್ಲೀಚಿಂಗ್ ಪೌಡರ್ ಸುಣ್ಣದ ಹಾಗೆ ತಳಕ್ಕಿಳಿದು ಪಂಪು ಕಟ್ಟುತ್ತದೆ, ಅದೂ ಬೇಡ. ಪ್ರತಿ ನಲ್ಲಿಯಲ್ಲೂ ಆ ದ್ರಾವಣದ ವಾಸನೆ ಬರುವವರೆಗೆ ಬಿಟ್ಟು, ನಿಲ್ಲಿಸಿ, ರಾತ್ರಿಯಿಡೀ ಇಡಿ. ಬೆಳಿಗ್ಗೆ ಖಾಲಿ ಮಾಡಿ, ವಾಸನೆ ಹೋಗುವವರೆಗೆ ಒಳ್ಳೆ ನೀರಲ್ಲಿ ತೊಳೆಯಿರಿ. ಇದರ ಜೊತೆ ವಿನೆಗರ್, ಆ್ಯಸಿಡ್ ಸೇರಿಸಲೇಬೇಡಿ, ವಿಷಗಾಳಿ ಏಳುತ್ತದೆ.

ಪ್ರಶ್ನೆ (ಹೊಸನಗರದವರು, ಈಗ ಮಿನೆಸೋಟ): ನಮ್ಮಲ್ಲಿ ಚಳಿ ಮೈನಸ್ 20 ದಾಟುತ್ತದೆ. ಖಾಲಿ ಮಾಡಿದರೆ ಸಾಲದಾ?

ಉತ್ತರ: ನಿಮಗೆ ಸಾಲದು. ನೀರು ಹೆಪ್ಪಾದರೆ ಸುಮಾರು 9 ಶೇಕಡಾ ಹಿಗ್ಗುತ್ತದೆ, ಮೂಲೆಯಲ್ಲಿ ಉಳಿದ ಚಮಚದಷ್ಟು ನೀರೂ ಪಂಪಿನ ತಲೆ ಒಡೆಯಬಹುದು. ಖಾಲಿ ಮಾಡಿದ ಮೇಲೆ ಗೀಸರ್ ಬೈಪಾಸ್ ಮಾಡಿ, ಅಂದರೆ ಲೈನಿನಲ್ಲಿ ಹರಿಯುವುದು ಅದರೊಳಗೆ ಹೋಗದೆ ದಾಟುವ ಹಾಗೆ ಜೋಡಿಸಿ, ಇಲ್ಲದಿದ್ದರೆ ಅದೊಂದೇ ಎಷ್ಟೋ ಲೀಟರ್ ನುಂಗುತ್ತದೆ. ನಂತರ ಪ್ರೊಪಿಲೀನ್ ಗ್ಲೈಕಾಲ್ ಇರುವ, ಕುಡಿಯುವ ನೀರಿನ ಲೈನಿಗೆಂದೇ ಮಾಡಿದ ಆಂಟಿಫ್ರೀಜನ್ನು ಪ್ರತಿ ನಲ್ಲಿ, ಶವರಿನಲ್ಲಿ ಗುಲಾಬಿ ಬಣ್ಣ ಬರುವವರೆಗೆ ಹರಿಸಿ. ಕಾರಿನ ಕೂಲೆಂಟ್ ಮಾತ್ರ ಮುಟ್ಟಬೇಡಿ. ಅದರಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ, ಅದು ವಿಷ.

ಪ್ರಶ್ನೆ (ಸಾಗರ): ಅಣ್ಣಾ, ಈಗಷ್ಟೇ ನೋಡಿದೆ, ಗಾಳಿ ಪೈಪಿನಲ್ಲಿ ಮಣ್ಣು ಗಟ್ಟಿಯಾಗಿದೆ. ಕಡ್ಡಿ ಹಾಕಿ ತಳ್ಳಲಾ?

ಉತ್ತರ: ತಳ್ಳಿದರೆ ಟ್ಯಾಂಕಿಗೇ ಬೀಳುತ್ತದೆ. ಟ್ಯಾಂಕಿನ ಕಡೆ ಪೈಪು ಕಳಚಿ, ಆ ತುದಿಯಿಂದ ಸೈಕಲ್ ಪಂಪಿನಲ್ಲಿ ಹೊರಕ್ಕೆ ಊದಿ. ಬಗ್ಗದಿದ್ದರೆ ಬಿಸಿನೀರಲ್ಲಿ ನೆನೆಸಿ ಊದಿ. ಪೈಪು ತೊಳೆದೇ ವಾಪಸ್ ಹಾಕಿ.